ಮೂರನೆಯ ಗುಣಾಂಕ

ನಿಲೋಫರಳ ಪಿಎಚ್‌ಡಿ ಗೈಡ್ ನೆನಪಾದರೆ ಇವತ್ತಿಗೂ ನನಗೆ ಮೈಯೆಲ್ಲ ಉರಿಯುತ್ತದೆ. ರೋಣದ ಕಾಲೇಜಿನಲ್ಲಿ ಅವಳು ಗಣಿತಕ್ಕೆ, ನಾನು ಕನ್ನಡಕ್ಕೆ ಅತಿಥಿ ಉಪನ್ಯಾಸಕಿಯರು. ದಿನಾ ಗಜೇಂದ್ರಗಡದಿಂದ ಒಂದೇ ಬಸ್ಸಿಗೆ ಬರುತ್ತಿದ್ದೆವು. ಪಿಎಚ್‌ಡಿ ಆಗದಿದ್ದರೆ ಅವಳ ಕೆಲಸ ಉಳಿಯುವಂತಿರಲಿಲ್ಲ.

ಅವಳ ಸಂಶೋಧನೆಯ ವಿಷಯ ನನಗೆ ತಿಳಿದದ್ದು ಆ ಬಸ್ಸಿನಲ್ಲೇ. ಒಂದು ವೃತ್ತದೊಳಗಿನ ಎರಡು ಬೇರೆ ಬಿಂದುಗಳನ್ನು ಎಂದೂ ಒಂದೇ ಜಾಗಕ್ಕೆ ಒಯ್ಯದ ಫಲನಗಳು, ಅಂದರೆ ಫಂಕ್ಷನ್‌ಗಳು, ಇರುತ್ತವೆ. ಅವನ್ನು ಸರಣಿಯಾಗಿ ಬಿಡಿಸಿ ಬರೆದರೆ ಸಿಗುವ ಗುಣಾಂಕಗಳು ಮನಸ್ಸಿಗೆ ಬಂದಷ್ಟು ದೊಡ್ಡವಾಗುವಂತಿಲ್ಲ. ಎಲ್ಲಿಯ ತನಕ ಆಗಬಹುದು? ಇದೇ ಕೊನೆಯ ಮಿತಿ ಎಂದು ಹೇಳಿದವರು ಅದನ್ನು ಮುಟ್ಟುವ ಒಂದು ಫಲನವನ್ನಾದರೂ ತೋರಿಸಬೇಕು. ಇಲ್ಲದಿದ್ದರೆ ಆ ಮಾತಿಗೆ ಬೆಲೆಯಿಲ್ಲ.

ಗೈಡ್ ಹಿಂದೊಮ್ಮೆ ಮೂರನೆಯ ಗುಣಾಂಕಕ್ಕೆ ಮಿತಿ ಕೊಟ್ಟು, ಇದಕ್ಕಿಂತ ಬಿಗಿ ಮಾಡಲಾಗದು ಎಂದು ಬರೆದಿದ್ದ. ಆ ಲೆಕ್ಕದಲ್ಲಿ ಎರಡು ಸಂಖ್ಯೆಗಳು ಬರುತ್ತವೆ. ಒಂದು ಪೂರ್ತಿ ಬೆಳೆದರೆ ಇನ್ನೊಂದು ಸೊನ್ನೆಯಾಗಬೇಕು. ಈ ಪುಣ್ಯಾತ್ಮ ಎರಡನ್ನೂ ಪೂರ್ತಿ ಬೆಳೆಸಿ ಕೂಡಿಸಿಬಿಟ್ಟಿದ್ದ. ಒಂದೇ ಸೀರೆಯನ್ನು ಇಬ್ಬರೂ ಪೂರ್ತಿ ಉಟ್ಟಿದ್ದಾರೆ ಅಂದಂತಾಯಿತು. ಅವನ ಶಿಷ್ಯರೆಲ್ಲ ಆ ಪ್ರಮೇಯಕ್ಕೆ ಆಲ್ಫಾ, ಬೀಟಾ ಎಂದು ಒಂದೊಂದು ಹೊಸ ಅಕ್ಷರ ಸೇರಿಸಿ, ಫಲನಗಳ ಹೊಸ ವರ್ಗವೆಂದು ಹೆಸರಿಟ್ಟು ಡಾಕ್ಟರ್ ಆಗಿದ್ದರು. ಅಲ್ಲಿಯ ಪದ್ಧತಿಯೇ ಅದು.

ನಿಲೋಫರ ನಿಜವಾದ ಮಿತಿಯನ್ನು ಕಂಡುಹಿಡಿದಳು, ಅದನ್ನು ಮುಟ್ಟುವ ಫಲನವನ್ನೂ ತೋರಿಸಿದಳು. ಖುಷಿಯಿಂದ ಒಯ್ದು ಕೊಟ್ಟರೆ ಆತ ಎರಡು ಪುಟ ತಿರುವಿ, ಆ ಅಧ್ಯಾಯ ತೆಗೆ, ನನ್ನ ಪ್ರಮೇಯಕ್ಕೇ ಇನ್ನೊಂದು ಅಕ್ಷರ ಸೇರಿಸಿ ಬರೆ, ಇಲ್ಲವೆಂದರೆ ಸಹಿ ಹಾಕುವುದಿಲ್ಲ ಎಂದ. ನಾಚಿಕೆಗೆಟ್ಟವನು!

“ಸರ್, ನಿಮ್ಮ ಮಿತಿ ಮುಟ್ಟೂ ಫಲನ ಒಂದರ ತೋರಸ್ರಿ. ಈ ಅಧ್ಯಾಯ ನಾನ ಹರದ ಒಗಿತೀನಿ,” ಅಂದಳಂತೆ.

ಆತ ಬಾಗಿಲು ತೋರಿಸಿದ. ಸಹಿ ಬರಲಿಲ್ಲ. ಈ ವರ್ಷ ಕಾಲೇಜಿನಲ್ಲಿ ಅವಳ ಜಾಗಕ್ಕೆ ಬಂದವನು ಅದೇ ಗೈಡ್‌ನ ಹಳೆಯ ಶಿಷ್ಯ, ಅದೇ ತಪ್ಪಿನ ಮೇಲೆ ಡಾಕ್ಟರ್ ಆದವನು. ಸ್ಟಾಫ್ ರೂಮಿನಲ್ಲಿ ಅವನಿಗೆ ಹಾರ ಹಾಕಿದರು. ನಾನು ಎದ್ದು ಹೊರಗೆ ಬಂದೆ. ನಿಲೋಫರ ಈಗ ಮನೆಯಲ್ಲೇ ಟ್ಯೂಷನ್ ಹೇಳುತ್ತಾಳೆ.

ಹೋದ ವಾರ ನಾನು ಅವಳ ಮನೆಯಲ್ಲಿದ್ದಾಗ ಫೋನು ಬಂತು. ಗೈಡ್‌ನ ಹೊಸ ವಿದ್ಯಾರ್ಥಿನಿ, ರೇಷ್ಮಾ ಅಂತೆ. ಸರ್ ಅವರ ಪ್ರಮೇಯಕ್ಕೆ ಒಂದು ಅಕ್ಷರ ಸೇರಿಸಿದ್ದೇನೆ, ಆದರೆ ಮಿತಿಯನ್ನು ಮುಟ್ಟುವ ಫಲನ ಎಷ್ಟು ಹುಡುಕಿದರೂ ಸಿಗುತ್ತಿಲ್ಲ, ತಪ್ಪು ನನ್ನದೇ ಇರಬೇಕು ಎಂದು ಅಳುತ್ತಿದ್ದಳು. ಫೋನು ಕಸಿದುಕೊಂಡು ಅವಳ ಗುರುವಿನ ಜನ್ಮ ಜಾಲಾಡಬೇಕೆನಿಸಿತು ನನಗೆ. ನಿಲೋಫರ ನನ್ನ ಕೈ ಹಿಡಿದು ಕೂಡಿಸಿದಳು.

“ತಪ್ಪ ನಿಂದಲ್ಲವ್ವಾ,” ಅಂದಳು ಫೋನಿಗೆ. “ಆ ಫಲನ ಇಲ್ಲಾ, ಹುಡುಕಬ್ಯಾಡ. ನಾಳೆ ನಮ್ಮನಿಗೆ ಬಾ, ಇರೂದನ್ನ ತೋರಸ್ತೀನಿ.”