ಮಿಷನ್ನಿನ ಮೇಲೊಂದು ಅಂಗೈ

ದೆವ್ವ, ಗಾಳಿ, ಶಕುನ ಎಂದು ಯಾರಾದರೂ ಬಾಯಿ ತೆರೆದರೆ ನಗುತ್ತಿದ್ದವಳು ನಾನು. ನಮ್ಮ ಬೀದಿಯಲ್ಲಿ ಒಬ್ಬರ ಮನೆಯ ದೀಪ ತಾನಾಗಿ ಹತ್ತಿ ಆರುತ್ತದೆ ಎಂದಾಗ, 'ವೈರಿಂಗ್ ನೋಡಿದ್ರಾ?' ಎಂದು ಕೇಳಿ ಬೈಸಿಕೊಂಡಿದ್ದೇನೆ. ಮಿಷನ್ ನಡೆಸುವವರಿಗೆ ಎಲ್ಲಕ್ಕೂ ಕಾರಣ ಹುಡುಕುವುದು ಅಭ್ಯಾಸವಾಗಿಬಿಡುತ್ತದೆ. ಆದರೆ ಕೆಲವು ವರ್ಷಗಳ ಹಿಂದೆ ಒಂದು ಬೆಳಿಗ್ಗೆ ನಡೆದದ್ದಕ್ಕೆ ಕಾರಣ ಹುಡುಕಿ ಹುಡುಕಿ ಸೋತಿದ್ದೇನೆ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ದೊಡ್ಡಬಳ್ಳಾಪುರದ ಹೊರಗೆ ನಮ್ಮದೊಂದು ಶೀಟಿನ ಶೆಡ್ ಇದೆ. ಒಳಗೆ ಇರುವುದು ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯುವ ಒಂದೇ ಒಂದು ಸಿಎನ್‌ಸಿ ಮಿಲ್ಲಿಂಗ್ ಮಿಷನ್, ಅದೂ ಸೆಕೆಂಡ್ ಹ್ಯಾಂಡ್. ಯಜಮಾನರು ಆರ್ಡರ್ ತರುತ್ತಾರೆ, ಮಿಷನ್ ನಡೆಸುವುದು ನಾನು. ಕಟರ್ ಹಿಡಿದುಕೊಂಡು ಗಿರಗಿರ ತಿರುಗುವ ಭಾಗಕ್ಕೆ ಸ್ಪಿಂಡಲ್ ಎನ್ನುತ್ತಾರೆ. ಅದು ಹಾಳಾದರೆ ಶೆಡ್ಡಿಗೆ ಬೀಗ ಹಾಕಿ ನಾವಿಬ್ಬರೂ ಇನ್ನೊಬ್ಬರ ಬಳಿ ಕೆಲಸಕ್ಕೆ ಹೋಗುವುದೇ ಸೈ. ಸರ್ವಿಸ್‌ನವರೋ, ಕರೆದಾಗ ಬರುವ ಪೈಕಿಯಲ್ಲ. ಹಾಗಾಗಿ ಅದರ ಆರೈಕೆಯನ್ನು ನಾನೇ ಕಲಿತೆ. ಕಟರ್ ಕೂರುವ ಬಾಯನ್ನು ಒಣಬಟ್ಟೆಯಲ್ಲಿ ಒರೆಸಬೇಕು, ಬೆಳಿಗ್ಗೆ ಎದ್ದವಳೇ ಕೆಲಸ ಕೊಡದೆ ಸ್ವಲ್ಪ ಹೊತ್ತು ನಿಧಾನವಾಗಿ ಬರಿದೇ ತಿರುಗಿಸಿ ಬೆಚ್ಚಗಾಗಲು ಬಿಡಬೇಕು, ಸದ್ದು ಕೇಳಿಸಿಕೊಳ್ಳಬೇಕು. ಮಾಡುತ್ತಾ ಮಾಡುತ್ತಾ ನನಗೆ ಅದೇ ಒಂದು ಖುಷಿಯಾಗಿಬಿಟ್ಟಿತು.

ನನ್ನ ಅತ್ತೆ ಇಲ್ಲೇ ಹತ್ತಿರದ ವಿಜಯಪುರದಲ್ಲಿ ರೇಷ್ಮೆ ಹುರಿ ಮಾಡುವ ಮಿಷನ್ ಮುಂದೆ ಪ್ರಾಯ ಕಳೆದವರು. ಅಲ್ಲಿ ನೂಲು ಸುತ್ತಿಕೊಂಡು ತಿರುಗುವ ಕಡ್ಡಿಗೆ ಕದಿರು ಎನ್ನುತ್ತಾರೆ, ಹಾಗಾಗಿ ನಮ್ಮ ಸ್ಪಿಂಡಲ್ಲೂ ಅವರ ಬಾಯಲ್ಲಿ ಕದಿರೇ. ಶೆಡ್ಡಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂರುವರು. ನಾನು ಮಿಷನ್ ನಿಲ್ಲಿಸಿದಾಗ ಎದ್ದು ಬಂದು, ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ ಸ್ಪಿಂಡಲ್ ಮುಂದಿನ ತಗಡಿನ ಕವರಿಗೆ ಬಲ ಅಂಗೈ ಒತ್ತಿ, 'ಜ್ವರ ಇಲ್ಲ ಕಣಮ್ಮಾ ನಿನ್ ಕದಿರ್‌ಗೆ' ಎನ್ನುವರು. 'ಬಂದ್ರಪ್ಪಾ ಡಾಕ್ಟ್ರಮ್ಮ' ಎಂದು ನಾನು ಗೇಲಿ ಮಾಡುತ್ತಿದ್ದೆ.

ಆ ಚಳಿಗಾಲದಲ್ಲಿ ನಾದಿನಿಗೆ ಹೆರಿಗೆಯಾಯಿತು. ನಮ್ಮ ಒಂದು ಕೋಣೆಯ ಮನೆಯಲ್ಲಿ ಬಾಣಂತನ ಆಗದೆಂದು ಅತ್ತೆಯೇ ವಿಜಯಪುರಕ್ಕೆ, ಮಗಳ ಮನೆಗೆ ಹೋದರು. ಅದೇ ಹೊತ್ತಿಗೆ ನಮಗೊಂದು ದೊಡ್ಡ ಕಂಪನಿಯ ಕೆಲಸ ಬಂತು. ಮೊದಲು ಮಾಡಿಕೊಡುವ ಪೀಸುಗಳು ಪಾಸಾದರೆ ವರ್ಷವಿಡೀ ಕೈತುಂಬ ಕೆಲಸ. ಸರಿಯಾಗಿ ಆಗಲೇ ಟ್ರಾನ್ಸ್‌ಫಾರ್ಮರ್ ಸುಟ್ಟು ಶೆಡ್ ಎರಡು ದಿನ ಮುಚ್ಚಿತ್ತು. ಕರೆಂಟ್ ಬಂದ ಮರುದಿನ ಬೆಳಿಗ್ಗೆ ನಾನೇ ಬೀಗ ತೆಗೆದೆ.

ಎದುರಿಗಿದ್ದವರ ಮುಖ ಕಾಣದಷ್ಟು ಮಂಜು. ಶೀಟಿನ ಸಂದಿಯಿಂದ ಒಳಗೂ ನುಗ್ಗಿ ಮಿಷನ್ನೆಲ್ಲ ಬೆವೆತಿತ್ತು. ಸ್ಪಿಂಡಲ್ ಕವರಿನ ತುಂಬ ಸಣ್ಣ ಸಣ್ಣ ಹನಿ. ಆ ಹನಿಗಳ ನಡುವೆ ಒಂದು ಕಡೆ ಮಾತ್ರ ಒಣಗಿತ್ತು. ಒಂದು ಅಂಗೈ, ಐದು ಬೆರಳು. ನಾನು ಕೈಯಿಟ್ಟೆ. ಸುತ್ತಲೂ ಕೊರೆಯುವ ತಗಡು, ಅಲ್ಲಿ ಮಾತ್ರ ಬೆಚ್ಚಗಿತ್ತು.

'ರೀ, ಬನ್ನಿ ಇಲ್ಲಿ' ಎಂದು ಹೊರಗಿದ್ದ ಯಜಮಾನರನ್ನು ಕೂಗಿದೆ. ಫೋಟೋ ಯಾಕೆ ತೆಗೆಯಲಿಲ್ಲ ಎಂದು ನೀವು ಕೇಳುತ್ತೀರಿ. ಅಯ್ಯೋ, ಕಬ್ಬಿಣದ ಮೇಲೆ ನೀರು ಕಂಡರೆ ಒರೆಸುವುದು ನನ್ನ ಕೈಗೆ ಅಂಟಿದ ರೋಗ. ಅವರು ಬರುವಷ್ಟರಲ್ಲಿ ಬಟ್ಟೆ ಹಿಡಿದು ಕವರನ್ನೆಲ್ಲ ಒರೆಸಿಬಿಟ್ಟಿದ್ದೆ! ಆದರೆ ಬಿಸಿ ಹೋಗಿರಲಿಲ್ಲ. ಅವರೂ ಮುಟ್ಟಿ ನೋಡಿದರು.

'ಬೆಚ್ಚಗಿದ್ಯಲ್ಲೇ! ಆನ್ ಮಾಡಿದ್ಯಾ?'

'ಮೇನ್ ಸ್ವಿಚ್ಚೇ ಹಾಕಿಲ್ಲ ಕಣ್ರೀ.'

ಆ ಕವರನ್ನು ನಾನು ಬಿಚ್ಚುವುದು ಎಂದೋ ಒಮ್ಮೆ. ಅವತ್ತು ಬಿಚ್ಚಿದೆ. ಬೆಚ್ಚಗಿದ್ದ ಜಾಗದ ನೇರ ಹಿಂದೆ ಗಾಳಿಯ ಸಣ್ಣ ಪೈಪು ಇಲಿ ಕಡಿದು ತುಂಡಾಗಿ ನೇತಾಡುತ್ತಿತ್ತು. ಕೆಲಸ ನಡೆಯುವಾಗ ಕಟರ್ ತಣಿಸಲು ಚಿಮ್ಮುವ ಕೂಲೆಂಟ್ ನೀರು ಸ್ಪಿಂಡಲ್ಲಿನ ಬೇರಿಂಗಿನೊಳಗೆ ಇಳಿಯದಂತೆ ತಡೆಯುವುದು ಆ ಗಾಳಿಯೇ. ನೋಡದೆ ಓಡಿಸಿದ್ದರೆ ಸ್ಪಿಂಡಲ್ ಕಥೆ ಮುಗಿಯುತ್ತಿತ್ತು, ನಮ್ಮದೂ.

'ಇಲಿ ಒಳಗೆ ಮಲಗಿತ್ತು ಕಣೇ, ಅದರ ಮೈ ಬಿಸಿ' ಎಂದರು ಯಜಮಾನರು.

'ಐದು ಬೆರಳು ಇತ್ತಲ್ರೀ?'

'ಕಾಲು ಚಾಚ್ಕೊಂಡು ಮಲಗಿತ್ತು ಬಿಡು.'

ನಕ್ಕುಬಿಟ್ಟೆ. ಸಮಾಧಾನವೂ ಆಯಿತು. ಕಡಿದ ತುದಿ ಕತ್ತರಿಸಿ ಪೈಪನ್ನು ಮತ್ತೆ ಕೂರಿಸುತ್ತಿರುವಾಗ ನಾದಿನಿಯ ಫೋನು ಬಂತು. 'ಅತ್ತಿಗೆ, ಅಮ್ಮಂಗೆ ಏನೋ ಆಗಿತ್ತು. ಎದ್ದಾಗಿಂದ ಬಲಗೈ ಮಂಜುಗಡ್ಡೆ ಥರ ಆಗ್ಬಿಟ್ಟಿತ್ತು. ಮಗೂಗೆ ಎಣ್ಣೆ ಹಚ್ಚಕ್ಕೆ ಮುಟ್ಟಿದ್ರೆ ಕಿಟಾರನೆ ಕಿರುಚ್ಕೊಳ್ತು. ಎಡಗೈ ಬೆಚ್ಚಗೇ ಇದೆ. ಒಲೆ ಮುಂದೆ ಕೂರಿಸಿದೀನಿ, ಈಗ ಸರಿಹೋಗ್ತಿದೆ' ಎಂದಳು. ಸ್ಪೀಕರಿನಲ್ಲಿ ಕೇಳಿಸಿಕೊಂಡ ಯಜಮಾನರು ತಿರುಗಿ ಕವರನ್ನೇ ನೋಡಿದರು. ನಾನು ಕವರನ್ನು ಮುಟ್ಟಿದೆ. ಅದು ಪೂರ್ತಿ ತಣ್ಣಗಾಗಿತ್ತು.

ಪೀಸುಗಳು ಪಾಸಾದವು. ಅದೇ ಕೆಲಸದಿಂದ ಇವತ್ತಿಗೂ ಮನೆ ನಡೆಯುತ್ತಿದೆ. ಅತ್ತೆಯ ಕೈಯನ್ನು ಡಾಕ್ಟರಿಗೂ ತೋರಿಸಿದರು, ಅವರಿಗೇನೂ ಕಾಣಲಿಲ್ಲ. ನಿದ್ದೆಯಲ್ಲಿ ಕೈ ಹೊದಿಕೆಯಿಂದಾಚೆ ಇತ್ತೇನೋ ಎಂದು ನನಗೆ ನಾನೇ ಹೇಳಿಕೊಂಡೆ.

ಬಾಣಂತನ ಮುಗಿಸಿ ಅತ್ತೆ ವಾಪಸ್ ಬಂದರು. ಕವರಿನ ಮೇಲಿದ್ದ ಬೆಚ್ಚಗಿನ ಕೈಗುರುತಿನ ವಿಷಯ ಹೇಳಿ ಅವರನ್ನು ಹೆದರಿಸಬಾರದೆಂದು ಸುಮ್ಮನಿದ್ದೆವು. ಇಲಿಯ ವಿಷಯವನ್ನಂತೂ ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ, ಶೆಡ್ಡಲ್ಲಿ ಬೋಂಡ ತಿಂದು ಕಾಗದ ಬಿಸಾಡ್ತೀರಾ ಎಂದು ಅತ್ತೆಯಿಂದ ಇಬ್ಬರಿಗೂ ಮಂಗಳಾರತಿ ಆಗುತ್ತಿತ್ತು. ಅತ್ತೆ ಎಂದಿನಂತೆ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯತೊಡಗಿದರು. ಅವರು ಇದ್ದಾರೆಂದೇ ನನಗೆ ಎಷ್ಟೋ ಹಾಯೆನಿಸಿತು. ನಾನು ಸ್ಪಿಂಡಲ್ ಒರೆಸುತ್ತಿದ್ದೆ. ತಲೆ ಎತ್ತದೆಯೇ ಕೇಳಿದರು:

'ಪೈಪ್ ಕಡಿದಿತ್ತಲ್ಲ, ಆ ಇಲಿ ಸಿಕ್ತೇನಮ್ಮಾ?'

ಯಜಮಾನರ ಕಡೆ ನೋಡಿದೆ. ನಾನಲ್ಲ ಎಂದು ಎರಡೂ ಕೈ ಎತ್ತಿದರು. 'ನಿಮಗ್ಯಾರು ಹೇಳಿದ್ದು ಅತ್ತೆ?' ಎಂದೆ. 'ಅಯ್ಯೋ, ನೀನೇ ಹೇಳಿದ್ಯೇನೋಪ್ಪ' ಎಂದು ಮತ್ತೊಂದು ಕಾಯಿ ಬಿಡಿಸಿದರು. ನಾನು ಹೇಳಿರಲಿಲ್ಲ.

ಆ ಇಲಿಯೂ ಸಿಗಲಿಲ್ಲ, ಕಾರಣವೂ ಸಿಗಲಿಲ್ಲ. ಅತ್ತೆ ಈಗಲೂ ಬಾಗಿಲಲ್ಲೇ ಕೂರುತ್ತಾರೆ. ಆದರೆ ನಾನು ಗೇಲಿ ಮಾಡುವುದನ್ನು ಬಿಟ್ಟಿದ್ದೇನೆ. ಬೆಳಿಗ್ಗೆ ಅವರು ಎದ್ದು ಬಂದು ಕವರಿಗೆ ಅಂಗೈ ಒತ್ತಿ 'ಹೂಂ' ಎನ್ನುವವರೆಗೂ ಕಟರ್ ಹಾಕುವುದಿಲ್ಲ.