ಪುಟ್ಟತ್ತೆ ಕಡಲು ದಾಟಿದ್ದು

ನರ್ಸು ಮೊಮ್ಮಗಳ ತೋಳಿಗೆ ಸ್ಪಿರಿಟ್ಟು ಸವರಿದಳು. ಸೂಜಿ ಚುಚ್ಚಿಸಿಕೊಂಡವಳು ಅವಳು, ಕಣ್ಣು ಮುಚ್ಚಿಕೊಂಡವಳು ನಾನು. ತುಮಕೂರಿನ ಆ ಕ್ಲಿನಿಕ್ಕಿನಲ್ಲಿ ಸ್ಪಿರಿಟ್ಟಿನ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಪುಟ್ಟತ್ತೆ ನೆನಪಾದಳು. ಮೊಮ್ಮಗಳು ಒಂದು ವರ್ಷ ಆಫ್ರಿಕಾದ ಯಾವುದೋ ಊರಿನ ಮಕ್ಕಳಿಗೆ ಪಾಠ ಹೇಳಿಕೊಡಲು ಹೊರಟಿದ್ದಾಳೆ. ಸಂಬಳವಿಲ್ಲ. ತೋಳು ಉಜ್ಜಿಕೊಳ್ಳುತ್ತಾ ಮೊಬೈಲು ತೆಗೆದಳು.

"ಯಾರ್ಯಾರು ಹೋಗ್ಬಹುದು, ಅಲ್ಲಿ ಏನೇನು ಕಷ್ಟ ಇರತ್ತೆ, ಎಲ್ಲಾ ಬರ್ದಿದಾರೆ ಅಜ್ಜಿ. ಓದ್ಲಾ?"

"ಬೇಡ ಕಣೇ, ನಂಗೊತ್ತು" ಅಂದೆ. ವಯಸ್ಸಾದವರ ಮಾತಿಗೆ ಈ ಕಾಲದ ಮಕ್ಕಳು ನಗುತ್ತಾರಲ್ಲ, ಹಾಗೆ ನಕ್ಕು ಮೊಬೈಲು ಬ್ಯಾಗಿಗೆ ಹಾಕಿಕೊಂಡಳು. ನೀವೂ ನಗುತ್ತಿರಬಹುದು. ಗುಬ್ಬಿಯಿಂದ ಆಚೆ ರೈಲು ಹತ್ತಿದ್ದೇ ಅಪರೂಪವಾದ ನನಗೆ ಇದೆಲ್ಲ ಹೇಗೆ ಗೊತ್ತು ಎಂದು. ಹೇಳುತ್ತೇನೆ, ಕೂತುಕೊಳ್ಳಿ.

ಪುಟ್ಟತ್ತೆ ನಮ್ಮಪ್ಪನ ತಂಗಿ. ಪೂರ್ತಿ ಹೆಸರು ಪುಟ್ಟತಾಯಮ್ಮ. ಇದು ಅರವತ್ತರ ದಶಕದ ಮಾತು, ನಾವು ಕುಣಿಗಲ್ಲಿನಲ್ಲಿದ್ದೆವು. ಅಲ್ಲಿನ ಆಸ್ಪತ್ರೆಯಲ್ಲಿ ಅತ್ತೆ ಹೆರಿಗೆ ಮಾಡಿಸುತ್ತಿದ್ದಳು. ಮದುವೆಯಾದ ಹೊಸದರಲ್ಲೇ ಗಂಡ ತೀರಿಹೋಗಿದ್ದ. ಅವಳು ಉಡುತ್ತಿದ್ದ ಬಿಳಿ ಸೀರೆ ನರ್ಸಿನದೋ ವಿಧವೆಯದೋ ಹೇಳುವುದು ಕಷ್ಟ. ಸರ್ಕಾರವೂ ಹಣೆಬರಹವೂ ಅವಳಿಗೆ ಒಂದೇ ಬಣ್ಣ ಕೊಟ್ಟಿದ್ದವು. ಅಮೃತೂರು, ಮಾರ್ಕೋನಹಳ್ಳಿ ಕಡೆಯ ಅದೆಷ್ಟೋ ಕೂಸುಗಳನ್ನು ಮೊದಲು ಮುಟ್ಟಿದ ಕೈ ಅವಳದು. ಅದೇ ಕೂಸಿನ ನಾಮಕರಣಕ್ಕೆ ಮಾತ್ರ ಅವಳನ್ನು ಯಾರೂ ಕರೆಯುತ್ತಿರಲಿಲ್ಲ.

ನಮ್ಮ ಮನೆಯೇನು ಬೇರೆಯಲ್ಲ. ಯಾರೇ ಪ್ರಯಾಣ ಹೊರಟರೂ ಪುಟ್ಟತ್ತೆ ಮತ್ತು ಅಜ್ಜಿ ಅಡುಗೆಮನೆ ಸೇರಿ ಬಾಗಿಲು ಮುಂದಕ್ಕೆ ಹಾಕಿಕೊಳ್ಳುತ್ತಿದ್ದರು. ಅಜ್ಜಿಗೂ ಗಂಡನಿರಲಿಲ್ಲ. ಹೊರಟವರು ಬೀದಿಯ ತಿರುವು ದಾಟುವ ತನಕ ಇಬ್ಬರೂ ಎದುರು ಬರುವಂತಿಲ್ಲ. ಯಾರೂ ಗದರುತ್ತಿರಲಿಲ್ಲ; ಗದರುವ ಅಗತ್ಯವೇ ಇರಲಿಲ್ಲ. ನಡುಮನೆಯಲ್ಲಿ ಕಂಬ ಇದ್ದಷ್ಟೇ ಸಹಜ ಅದು. ನಮ್ಮ ಯಜಮಾನರು ತೀರಿಕೊಂಡ ಮೇಲೆ ಈಗ ನನಗೂ ಆ ಪಟ್ಟ ಬಂದಿದೆ, ಅದಿರಲಿ.

ಒಂದು ದಿನ ಮನೆ ಮುಂದೆ ಜೀಪು ನಿಂತಿತು. ತುಮಕೂರಿನಲ್ಲಿ ಕೆಲವು ಕಾಲ ಕೆಲಸ ಮಾಡಿದ್ದ ಹೊರದೇಶದ ಡಾಕ್ಟ್ರಮ್ಮ ಬಂದಿದ್ದಳು. ಅವಳು ಆಫ್ರಿಕಾದ ಒಂದು ಹಳ್ಳಿ ಆಸ್ಪತ್ರೆಗೆ ಹೊರಟಿದ್ದಳು. ಕರೆಂಟಿಲ್ಲದ ಕಡೆ ಲಾಟೀನು ಬೆಳಕಿನಲ್ಲಿ ಹೆರಿಗೆ ಮಾಡಿಸಬಲ್ಲವರು ಜೊತೆಗೆ ಬೇಕಿತ್ತು. ಕಲಿತ ಕನ್ನಡದಲ್ಲಿ ನಿಧಾನವಾಗಿ ಹೇಳಿದಳು.

"ಸಂಬಳ ಇಲ್ಲ. ಊಟ, ಇರಲು ಜಾಗ, ವರ್ಷಕ್ಕೆ ಎರಡು ಜೊತೆ ಬಟ್ಟೆ. ನಿಮ್ಮವರು ಯಾರೂ ಇರುವುದಿಲ್ಲ. ಜನ ನಿಮ್ಮನ್ನು ಒಂಥರಾ ನೋಡುತ್ತಾರೆ. ತುಂಬಾ ಒಂಟಿ ಅನ್ನಿಸುತ್ತದೆ. ಯೋಚನೆ ಮಾಡಿ ಹೇಳಿ."

ಪುಟ್ಟತ್ತೆ ನಕ್ಕಳು. "ಯೋಚ್ನೆ ಮಾಡೋಕೇನಿದೆ ಡಾಕ್ಟ್ರಮ್ಮ? ಇಷ್ಟು ವರ್ಷದಿಂದ ಅಣ್ಣನ ಮನೇಲಿ ನೀವ್ ಹೇಳಿದ್ ಹಾಗೇ ಇದೀನಿ. ಕಡಲೊಂದು ದಾಟಿರ್ಲಿಲ್ಲ, ಅಷ್ಟೇ."

ಕಾಫಿ ಕುಡಿಯುತ್ತಿದ್ದ ಅಪ್ಪ ಲೋಟ ಕೆಳಗಿಟ್ಟರು. ಜಗಳವಾಡಿ ಅಂದಿದ್ದರೆ ಕೋಪ ಮಾಡಿಕೊಳ್ಳಬಹುದಿತ್ತು; ನಗುನಗುತ್ತಾ ಅಂದುಬಿಟ್ಟಳು. ಅವಳ ಸಂಬಳ ಅಪ್ಪನ ಕೈಗೆ ಬರುತ್ತಿತ್ತು, ಹಬ್ಬಕ್ಕೆ ಅವಳಿಗೆ ಬಿಳಿ ಸೀರೆ ಬರುತ್ತಿತ್ತು. ನಾವು ಅವಳನ್ನು ಬಲು ಚೆನ್ನಾಗಿ ನೋಡಿಕೊಳ್ಳುತ್ತಿದ್ದೇವೆ ಎಂದೇ ನಾನು ತಿಳಿದಿದ್ದೆ. ಊರೂ ಹಾಗೇ ಹೇಳುತ್ತಿತ್ತು.

ಸುದ್ದಿ ತಿಳಿದು ಗುಬ್ಬಿಯಿಂದ ದೊಡ್ಡಪ್ಪ ದೌಡಾಯಿಸಿ ಬಂದರು. ಕೊಬ್ಬರಿ ವ್ಯಾಪಾರಿ; ಲಾಭವಿಲ್ಲದೆ ಪಕ್ಕದ ಬೀದಿಗೂ ಹೋದವರಲ್ಲ.

"ಏನ್ಲಾ, ನಿನ್ ತಂಗೀಗೆ ತಲೆ ಕೆಟ್ಟೈತಾ?" ಎಂದು ಅಪ್ಪನ ಮೇಲೆ ಹರಿಹಾಯ್ದರು. "ಪುಗಸಟ್ಟೆ ದುಡಿಯಕ್ಕೆ ಯಾರಾದ್ರೂ ಕಡ್ಲು ದಾಟ್ತಾರೇನ್ಲಾ? ನಾಳೆ ಈ ಹುಡ್ಗೀನ ಯಾರು ಮಾಡ್ಕತಾರೆ?"

ಈ ಹುಡುಗಿ ಅಂದರೆ ನಾನು. ತುಮಕೂರು ಪಕ್ಕದ ಕೋರದಿಂದ ಒಂದು ಗಂಡು ನೋಡಲು ಬರುವುದಿತ್ತು. ನಿಜ ಹೇಳುತ್ತೇನೆ, ಅತ್ತೆ ಹೋಗುತ್ತಾಳೋ ಇರುತ್ತಾಳೋ ಎನ್ನುವುದಕ್ಕಿಂತ ಆ ಗಂಡಿನ ಕ್ರಾಪು ಹೇಗಿರಬಹುದು ಎನ್ನುವುದೇ ನನಗೆ ದೊಡ್ಡ ಚಿಂತೆಯಾಗಿತ್ತು. ಆಮೇಲೆ ಅವರು ಬಂದರು, ಉಪ್ಪಿಟ್ಟು ತಿಂದರು, ಹುಡುಗಿಯ ಹಲ್ಲು ಸರಿಯಿಲ್ಲ ಎಂದು ಹೇಳಿಕಳಿಸಿದರು. ಅತ್ತೆಯ ವಿಷಯ ಅವರ ಕಿವಿಗೇ ಬಿದ್ದಿರಲಿಲ್ಲ.

ಪುಟ್ಟತ್ತೆ ದೊಡ್ಡಪ್ಪನಿಗೆ ಹೇಳಿದ್ದು ಒಂದೇ ಮಾತು. "ನಾನ್ ಕೇಳ್ತಿಲ್ಲ ಅಣ್ಣ, ಹೇಳ್ತಿದೀನಿ."

ಹೊರಡುವ ದಿನ ಬಂತು. ಕುಣಿಗಲ್ಲಿನಿಂದ ಬೆಂಗಳೂರಿಗೆ ಬಸ್ಸು, ಅಲ್ಲಿಂದ ಬೊಂಬಾಯಿಗೆ ರೈಲು, ಆಮೇಲೆ ಹಡಗು. ನಮ್ಮವರಿಗೆ ಒಂದು ವಿಚಿತ್ರ ಫಜೀತಿ. ಶಕುನ ಕೆಡಿಸುವವಳು ಎಂದುಕೊಂಡಿದ್ದವಳೇ ಪ್ರಯಾಣ ಹೊರಟರೆ ಶಕುನ ನೋಡುವುದು ಯಾರಿಗೆ? ಆದರೂ ಸುಮ್ಮನಿರಲಾಗದೆ, ದೊಡ್ಡಪ್ಪನ ಜೊತೆ ಬಂದಿದ್ದ ದೊಡ್ಡಮ್ಮ ತುಂಬಿದ ಕೊಡ ಹಿಡಿದು ಬೀದಿಯಲ್ಲಿ ನಿಂತಳು. ಅಜ್ಜಿ ವಾಡಿಕೆಯಂತೆ ಅಡುಗೆಮನೆಯಲ್ಲಿದ್ದಳು. ಈ ಸಲ ಒಬ್ಬಳೇ.

ಪುಟ್ಟತ್ತೆ ಹೊಸಿಲು ದಾಟಿದವಳು ಹಿಂತಿರುಗಿ ನೋಡಿದಳು. "ಅವ್ವ ಎಲ್ಲಿ?"

"ಒಳಗವ್ಳೆ ಬುಡು. ನೀನ್ ಹೊರ್ಡು, ಬಸ್ ತಪ್ಪೋಯ್ತದೆ" ಎಂದರು ದೊಡ್ಡಪ್ಪ.

ಪುಟ್ಟತ್ತೆ ಟ್ರಂಕು ಕೆಳಗಿಟ್ಟು ಜಗಲಿಯ ಮೇಲೆ ಕೂತುಬಿಟ್ಟಳು. "ಅವ್ವ ಎದುರು ಬಂದ್ರೆ ಹೋಗ್ತೀನಿ. ಇಲ್ದಿದ್ರೆ ಇಲ್ಲ."

ಇಡೀ ಬೀದಿ ಬಾಯಿ ಬಿಟ್ಟುಕೊಂಡು ನಿಂತಿತು. ಒಳಗಿನಿಂದ ಅಜ್ಜಿಯ ದನಿ ಕೇಳಿಸಿತು. "ಬ್ಯಾಡ ಕಣವ್ವ, ದೂರ ಹೊಂಟಿದೀಯ. ನಿಂಗೆ ಕೆಟ್ಟದಾಯ್ತದೆ."

"ಇನ್ನೇನ್ ಕೆಟ್ಟದಾಗ್ಬೇಕವ್ವ ನಂಗೆ?"

ಅಡುಗೆಮನೆಯ ಬಾಗಿಲು ಕಿರ್ರೆಂದಿತು. ಅಜ್ಜಿ ಗೋಡೆ ಹಿಡಿದುಕೊಂಡು ನಡುಮನೆ ದಾಟಿ, ನಮ್ಮೆಲ್ಲರ ನಡುವೆ ತಲೆ ತಗ್ಗಿಸಿ ಹಾದು ಬೀದಿಗಿಳಿದಳು. ಒಂದಷ್ಟು ದೂರ ಹೋಗಿ ತಿರುಗಿದಳು. ಸೆರಗು ಸರಿಮಾಡಿಕೊಂಡು, ಮುಖವೆತ್ತಿ, ಮಗಳ ಎದುರಿಗೆ ನಡೆದು ಬಂದಳು. ಪುಟ್ಟತ್ತೆ ತಾಯಿಯ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡು, ಟ್ರಂಕು ಎತ್ತಿಕೊಂಡು ಹೊರಟೇಬಿಟ್ಟಳು. ದೊಡ್ಡಮ್ಮ ಕೊಡ ಹಿಡಿದು ಅಲ್ಲೇ ನಿಂತಿದ್ದಳು.

ಹಡಗು ಮುಳುಗಲಿಲ್ಲ. ದೊಡ್ಡಪ್ಪನಿಗೆ ಅದರಿಂದ ಸ್ವಲ್ಪ ನಿರಾಸೆಯೇ ಆಗಿರಬೇಕು. ಕೆಲವು ವರ್ಷಗಳ ಮೇಲೆ ಪುಟ್ಟತ್ತೆ ನೀಲಿ ಸೀರೆಯುಟ್ಟು ಬಸ್ಸಿನಿಂದಿಳಿದಾಗ ಊರಿಗೆ ಇನ್ನೊಂದು ಸಲ ಸಿಡಿಲು ಬಡಿಯಿತು. ಅಲ್ಲಿ ಹೇಗಿತ್ತು ಎಂದು ನಾನು ಕೇಳಿದೆ. ಸೆಕೆ, ಜ್ವರ, ಗೆಣಸಿನಂಥದ್ದೇನೋ ತಿಂದು ಬೇಸತ್ತದ್ದು, ಎಲ್ಲ ಹೇಳಿದಳು. ಕೊನೆಗೆ ಹೇಳಿದ್ದು ಇದು: "ಮೊದ್ಲು ನಾನ್ ಹೆರಿಗೆ ಮಾಡ್ಸಿದ ಮಗೂನ ಹೆಸ್ರಿಡೋ ದಿನ ನನ್ ತೊಡೆ ಮೇಲೆ ಮಲಗ್ಸಿದ್ರು ಕಣೇ. ನನ್ನ ತೊಡೆ ಮೇಲೆ! ಬೇಡ, ನಾನು ಗಂಡ ಸತ್ತೋಳು ಅಂತ ಹೇಳಕ್ಕೋದೆ. ಅವ್ರಿಗೆ ಅದು ಅರ್ಥಾನೇ ಆಗ್ಲಿಲ್ಲ." ಹೇಳುತ್ತಾ ಅತ್ತಳು. ಅವಳು ಅತ್ತಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಹೋದ ವಾರ ಮೊಮ್ಮಗಳು ಹೊರಟಳು. ಹೊರಗೆ ಪೆಟ್ಟಿಗೆ ಸಾಗಿಸುವ ಗಲಾಟೆ, ಮಗ ಸೊಸೆಯ ಓಡಾಟ. ನಾನು ಎಲ್ಲಿದ್ದೆ ಗೊತ್ತೇ? ಅಡುಗೆಮನೆಯಲ್ಲಿ. ಬಾಗಿಲು ಮುಂದಕ್ಕೆ ಹಾಕಿಕೊಂಡು, ತೊಳೆದಿದ್ದ ಲೋಟವನ್ನೇ ಮತ್ತೆ ತೊಳೆಯುತ್ತಾ. ಯಾರೂ ನನಗೆ ಒಳಗೆ ಹೋಗು ಎಂದಿರಲಿಲ್ಲ. ಈ ಮನೆಯಲ್ಲಿ ಯಾರ ತಲೆಗೂ ಆ ಯೋಚನೆ ಬರುವುದಿಲ್ಲ. ನಾನಾಗಿಯೇ ಬಂದು ನಿಂತಿದ್ದೆ, ನನಗೇ ತಿಳಿಯದ ಹಾಗೆ. ಅದು ಅರಿವಾದದ್ದೇ ನಲ್ಲಿ ನಿಲ್ಲಿಸಿದೆ. ಅವತ್ತು ಡಾಕ್ಟ್ರಮ್ಮನ ಎದುರು ಪುಟ್ಟತ್ತೆ ಆಡಿದ ಮಾತಿಗೂ ನನಗೆ ಅಷ್ಟು ಆಘಾತವಾಗಿರಲಿಲ್ಲ.

ಒದ್ದೆ ಕೈಯಲ್ಲೇ ಹೊರಗೆ ಬಂದೆ. ಗೇಟು ದಾಟಿ, ಬೀದಿಗಿಳಿದು, ಒಂದಷ್ಟು ದೂರ ನಡೆದು ತಿರುಗಿ ನಿಂತೆ. ಆಟೋ ಸ್ಟಾರ್ಟ್ ಆಯಿತು. ಮೊಮ್ಮಗಳು ತಲೆ ಹೊರಗೆ ಹಾಕಿ ಕೂಗಿದಳು.

"ಅಜ್ಜೀ, ಅದೇನು ಸರಿಯಾಗಿ ಎದ್ರುಗೇ ನಿಂತಿದೀಯ? ಸ್ವಲ್ಪ ಪಕ್ಕಕ್ಕೆ ಬಾ, ಆಟೋ ತಾಗತ್ತೆ!"