ಕಣ್ಣು ಬಿಡಿಸುವ ದಿನ

ಶಿವಾರಪಟ್ಟಣದ ಆ ಶಿಲ್ಪಿ ಬೆಳಿಗ್ಗೆ ಆರಕ್ಕೆ ಉಳಿಗಳನ್ನು ಸಾಲಾಗಿ ಜೋಡಿಸಿ, ಕಲ್ಲಿಗೆ ಕೈಮುಗಿದೇ ಕೆಲಸಕ್ಕೆ ಕೂರುತ್ತಿದ್ದರು. ಎಪ್ಪತ್ತರ ದಶಕದ ಕೊನೆಯಲ್ಲಿ ಅಮೆರಿಕದ ಪೋಲಿಷ್ ಮೂಲದವರ ಸಂಘವೊಂದು, ತಮ್ಮ ಶಾಲೆಯಲ್ಲಿ ಸಾಂಪ್ರದಾಯಿಕ ಕೆತ್ತನೆ ಕಲಿಸಲು ನಮ್ಮೂರಿನ ಶಿಲ್ಪಿಯೊಬ್ಬರನ್ನು ಕರೆಸಿಕೊಳ್ಳಲು ದಾನ ಕೊಟ್ಟಿತು. ಆಯ್ಕೆಯ ಹೊಣೆ ನಮ್ಮೂರ ಶಿಲ್ಪಕಲಾ ಸಮಿತಿಯದು; ಆಯ್ಕೆಯಾದವರು ಇವರೇ. ಆ ಶಾಲೆಗೆಂದು ಪುಟ್ಟ ಗಣಪತಿಯನ್ನೂ ಕೆತ್ತಿದರು. ದಾನಿಗಳಿಗೆ ಕಳಿಸಲು ಅದರ ಫೋಟೊ ತೆಗೆಸಲು ಸಮಿತಿಯ ಅಧ್ಯಕ್ಷರು ಬಂದರು.

"ಆಚಾರ್ರೇ, ಕಣ್ಣು ಬಿಡಿಸ್ರೀ. ಕುರುಡು ದೇವರ ಫೋಟೊ ಕಳಿಸೋದಾ?"

"ಕಣ್ಣು ಕೊನೇಲಿ ಸ್ವಾಮಿ. ಅಲ್ಲಿ ಕೂರಿಸಿ, ಪೂಜೆ ಮಾಡಿ ಬಿಡಿಸ್ತೀನಿ."

"ಅಮೆರಿಕ ಬೇಡ್ವಾ ನಿಮಗೆ?"

"ಕಣ್ಣು ಕೊನೇಲಿ ಸ್ವಾಮಿ."

ಪರಂಪರೆ ಉಳಿಸಲೆಂದೇ ಬಂದ ದಾನ! ಪರಂಪರೆ ಬಿಡದವರ ಹೆಸರನ್ನೇ ಹೊಡೆದುಹಾಕಿದರು. ಹೋದವನು ಅಧ್ಯಕ್ಷರ ಅಳಿಯ. ಒಂದು ದಿನವೂ ಉಳಿ ಹಿಡಿದವನಲ್ಲ. ಅವನು ಅಲ್ಲಿಂದ ಕಳಿಸಿದ ಫೋಟೊದಲ್ಲಿ ಅದೇ ಗಣಪತಿ ಇತ್ತು. ಕಣ್ಣುಗಳನ್ನು ಪೇಂಟಿನಲ್ಲಿ ಬರೆದಿದ್ದ.